ಒಂದು ಹೆಚ್ಚುವರಿ ಬ್ರೇಕ್: 1990ರಲ್ಲಿ ಅಮೆರಿಕದ ದೂರವಾಣಿ ಜಾಲ ಕುಸಿದ ಬಗೆ

ಪ್ರೋಗ್ರಾಮಿಂಗಿನ ಸಿ ಭಾಷೆ ಕಲಿಸುವ ಪ್ರತಿಯೊಂದು ಲ್ಯಾಬಿನಲ್ಲೂ ಸ್ವಿಚ್ ಹೇಳಿಕೆಯ (ಒಂದು ಬೆಲೆ ನೋಡಿ ಹಲವು ಕೇಸುಗಳಲ್ಲಿ, ಅಂದರೆ ಕವಲುಗಳಲ್ಲಿ, ಒಂದನ್ನು ಆರಿಸುವ ಹೇಳಿಕೆ) ಪಾಠದ ಜೊತೆ ಒಂದು ಎಚ್ಚರಿಕೆ ಬಂದೇ ಬರುತ್ತದೆ: ಪ್ರತಿ ಕೇಸಿನ ಕೊನೆಗೆ ಬ್ರೇಕ್, ಅಂದರೆ 'ಹೊರಗೆ ಬಾ' ಎಂಬ ಆದೇಶ, ಹಾಕಲು ಮರೆಯಬೇಡಿ, ಮರೆತರೆ ಕೆಳಗಿನ ಕೇಸಿಗೆ ಜಾರುತ್ತೀರಿ. ಕೂಡು-ಕಳೆ-ಗುಣಿಸು-ಭಾಗಿಸು ಕ್ಯಾಲ್ಕುಲೇಟರ್ ಬರೆದವರೆಲ್ಲ ಒಮ್ಮೆ ಹಾಗೆ ಜಾರಿದವರೇ. ಆದರೆ ಸ್ವಿಚ್ ಹೇಳಿಕೆಯಿಂದಾದ ಅತಿ ದುಬಾರಿ ತಪ್ಪುಗಳಲ್ಲೊಂದು ಇದಕ್ಕೆ ತದ್ವಿರುದ್ಧವಾದದ್ದು. ಅಲ್ಲಿ ಬ್ರೇಕ್ ಬಿಟ್ಟುಹೋಗಿರಲಿಲ್ಲ, ಬೇಡದ ಜಾಗದಲ್ಲಿ ಒಂದು ಹೆಚ್ಚಾಗಿ ಕೂತಿತ್ತು.

1990ರ ಜನವರಿ 15, ಸೋಮವಾರ. ನ್ಯೂಜೆರ್ಸಿಯ ಬೆಡ್‌ಮಿನ್‌ಸ್ಟರ್‌ನಲ್ಲಿ ಎಟಿ ಅಂಡ್ ಟಿ ದೂರವಾಣಿ ಕಂಪನಿಯ ಜಾಲ ನಿಗಾ ಕೇಂದ್ರ. ಮಧ್ಯಾಹ್ನ 2 ಗಂಟೆ 25 ನಿಮಿಷಕ್ಕೆ ಗೋಡೆಯ ಪರದೆಗಳ ಮೇಲೆ ಎಚ್ಚರಿಕೆಯ ಗುರುತುಗಳು ಮೂಡತೊಡಗಿದವು. ಒಂದು ಎಕ್ಸ್‌ಚೇಂಜ್ ಕೆಲಸ ನಿಲ್ಲಿಸಿತು, ಮರಳಿ ಬಂತು. ಅದರ ನೆರೆಯದು ನಿಂತಿತು, ಅದರ ನೆರೆಯದೂ ನಿಂತಿತು. ಸುಮಾರು ಒಂಬತ್ತು ತಾಸು ದೇಶದ ದೂರದ ಕರೆಗಳಲ್ಲಿ ಅರ್ಧದಷ್ಟು ತಲುಪಲೇ ಇಲ್ಲ. ಕರೆ ಮಾಡಿದವರ ಕಿವಿಗೆ ಬಿದ್ದದ್ದು 'ಎಲ್ಲ ಲೈನುಗಳೂ ಕಾರ್ಯನಿರತವಾಗಿವೆ' ಎಂಬ ಧ್ವನಿಮುದ್ರಿಕೆ. ಕಂಪನಿಗಾದ ನಷ್ಟ 6 ಕೋಟಿ ಡಾಲರಿಗೂ ಹೆಚ್ಚು ಎಂದು ಆಗಿನ ಅಂದಾಜು. ಹ್ಯಾಕರ್‌ಗಳ ಕೈವಾಡ ಇರಬಹುದೇ ಎಂಬ ಅನುಮಾನವೂ ಹುಟ್ಟಿತು. ಹುಡುಕಿ ನೋಡಿದಾಗ ಸಿಕ್ಕಿದ್ದು ಕಂಪನಿಯದೇ ಪ್ರೋಗ್ರಾಮಿನ ಒಂದು ಸಾಲು.

ಇಲ್ಲಿ ಎರಡು 'ಸ್ವಿಚ್'ಗಳಿವೆ. ಕರೆಗಳನ್ನು ತಿರುಗಿಸುವ ಯಂತ್ರಕ್ಕೂ ಇಂಗ್ಲಿಷಿನಲ್ಲಿ ಅದೇ ಹೆಸರು. ಗೊಂದಲ ಬೇಡವೆಂದು ಯಂತ್ರವನ್ನು ಎಕ್ಸ್‌ಚೇಂಜ್ ಎಂದೂ ಸಿ ಭಾಷೆಯ ಹೇಳಿಕೆಯನ್ನು ಮಾತ್ರ ಸ್ವಿಚ್ ಎಂದೂ ಕರೆಯೋಣ.

ಯಂತ್ರದ ಕಡೆಯ ಹಿನ್ನೆಲೆ

ಆಗ ಎಟಿ ಅಂಡ್ ಟಿಯ ದೂರದ ಕರೆಗಳ ಜಾಲದಲ್ಲಿ 4ಇಎಸ್‌ಎಸ್ ಮಾದರಿಯ 114 ಎಕ್ಸ್‌ಚೇಂಜ್‌ಗಳಿದ್ದವು. ಈ ಮಾದರಿ 1976ರಲ್ಲಿ ಷಿಕಾಗೋದಲ್ಲಿ ಮೊದಲು ಕೆಲಸಕ್ಕೆ ಇಳಿದದ್ದು. ಮಾತು ಹರಿಯುವ ದಾರಿ ಒಂದು, 'ಈ ಕರೆಯನ್ನು ತಗೋ, ಆ ನಂಬರಿಗೆ ಕೊಡು' ಎಂದು ಎಕ್ಸ್‌ಚೇಂಜ್‌ಗಳು ತಮ್ಮೊಳಗೆ ಹೇಳಿಕೊಳ್ಳುವ ದಾರಿ ಇನ್ನೊಂದು. ಎರಡನೆಯದಕ್ಕೆ ಸಿಗ್ನಲಿಂಗ್ ಜಾಲ ಎಂದು ಹೆಸರು.

ಪ್ರತಿಯೊಂದು ಎಕ್ಸ್‌ಚೇಂಜೂ ತನ್ನ ನೆರೆಯವರ ಸ್ಥಿತಿಯ ಪಟ್ಟಿ ಇಟ್ಟುಕೊಂಡಿರುತ್ತದೆ: ಯಾರು ಸೇವೆಯಲ್ಲಿದ್ದಾರೆ, ಯಾರು ಇಲ್ಲ. ಒಂದಕ್ಕೆ ಒಳಗೇನೋ ದೋಷ ಕಂಡರೆ ಅದು 'ಸದ್ಯ ನನಗೆ ಕರೆ ಕಳಿಸಬೇಡಿ' ಎಂದು ನೆರೆಯವರಿಗೆ ತಿಳಿಸಿ, 4ರಿಂದ 6 ಸೆಕೆಂಡಿನಲ್ಲಿ ತನ್ನನ್ನು ತಾನೇ ಸರಿಪಡಿಸಿಕೊಂಡು ಮರಳುತ್ತದೆ. ಹಳೆಯ ಸಾಫ್ಟ್‌ವೇರಿನಲ್ಲಿ ಮರಳಿದ ಮೇಲೆ 'ಬಂದಿದ್ದೇನೆ' ಎಂದು ಪ್ರತ್ಯೇಕ ಸಂದೇಶ ಹೋಗುತ್ತಿತ್ತು. 1989ರ ಡಿಸೆಂಬರ್ ನಡುವಿಗೆ ಬಂದ ಹೊಸ ಆವೃತ್ತಿ ಅದನ್ನು ಕೈಬಿಟ್ಟಿತು. ಮರಳಿದವನು ನೇರವಾಗಿ ಕರೆ ಕಳಿಸಲು ಶುರು ಮಾಡುತ್ತಾನೆ, ಕರೆ ಬಂತೆಂದರೆ ಅವನು ಬದುಕಿದ್ದಾನೆ ಎಂದೇ ಅರ್ಥ, ಪಟ್ಟಿಯನ್ನು ಆಗಲೇ ತಿದ್ದಿಕೊಂಡರಾಯಿತು. ವೇಗ ಹೆಚ್ಚಿಸುವ ಸುಧಾರಣೆ, ತರ್ಕವೂ ಸರಿ. ಆದರೆ ಇದರಿಂದ ಒಂದೇ ಸಂದೇಶಕ್ಕೆ ಎರಡು ಕೆಲಸ ಬಂತು: ಕರೆಯನ್ನು ನಿಭಾಯಿಸಬೇಕು, ಸ್ಥಿತಿಯನ್ನೂ ತಿದ್ದಬೇಕು. ಎರಡನ್ನೂ ಒಂದೇ ಕೇಸಿನೊಳಗೆ ತುರುಕಿದಲ್ಲಿಂದ ತೊಂದರೆ ಶುರುವಾಯಿತು.

ಆ ಕೋಡು

ಆಮೇಲೆ ಪ್ರಕಟವಾದ ವಿಶ್ಲೇಷಣೆಗಳಲ್ಲಿ ಕೋಡಿನ ಸಾರ ಸಿಗುತ್ತದೆ. ಅದನ್ನು ಕನ್ನಡಕ್ಕೆ ಇಳಿಸಿದರೆ ಹೀಗಿರುತ್ತದೆ (ವೈಲ್ ಎಂದರೆ ಷರತ್ತು ನಿಜವಿರುವವರೆಗೆ ಮತ್ತೆ ಮತ್ತೆ ಸುತ್ತುವ ಲೂಪ್, ಇಫ್-ಎಲ್ಸ್ ಎಂದರೆ 'ಹೀಗಿದ್ದರೆ ಇದು, ಇಲ್ಲದಿದ್ದರೆ ಅದು', ಬಫರ್ ಎಂದರೆ ಮಾಹಿತಿ ತಾತ್ಕಾಲಿಕವಾಗಿ ಕಾಯುವ ಜಾಗ, ಪಾಯಿಂಟರ್ ಎಂದರೆ ಮೆಮೊರಿಯ ಒಂದು ಜಾಗವನ್ನು ತೋರಿಸುವ ಗುರುತು):

1  ವೈಲ್ (ಓದಬೇಕಾದ ಸಂದೇಶ ಉಳಿದಿದೆ) {
2      ಮುಂದಿನ ಸಂದೇಶದ ಪ್ರತಿ ತೆಗೆದುಕೋ;
3      ಸ್ವಿಚ್ (ಸಂದೇಶದ_ಬಗೆ) {
4      ಕೇಸ್ ಒಳಬರುವ_ಸಂದೇಶ:
5          ಇಫ್ (ಕಳಿಸಿದವನು ಪಟ್ಟಿಯಲ್ಲಿ 'ಸೇವೆಯಲ್ಲಿಲ್ಲ') {
6              ಇಫ್ (ಬರೆಯುವ ಬಫರ್ ಖಾಲಿ)
7                  ಪಟ್ಟಿಗೆ 'ಸೇವೆಗೆ ಮರಳಿದ' ಎಂದು ಕಳಿಸು;
8              ಎಲ್ಸ್
9                  ಬ್ರೇಕ್;
10         }
11         ಸಂದೇಶ ನಿಭಾಯಿಸು, ಐಚ್ಛಿಕ ವಿವರಗಳಿಗೆ ಪಾಯಿಂಟರ್ ಹೊಂದಿಸು;
12         ಬ್ರೇಕ್;
13     }
14     ಐಚ್ಛಿಕ ವಿವರಗಳ ಕೆಲಸ ಮಾಡು;
15 }

9ನೇ ಸಾಲನ್ನು ನೋಡಿ. ಬರೆದವರ ಮನಸ್ಸಿನಲ್ಲಿದ್ದದ್ದು 'ಪಟ್ಟಿಗೆ ಬರೆಯಲು ಈಗ ಜಾಗವಿಲ್ಲ, ಅದು ಹಾಗಿರಲಿ, ಈ ಇಫ್‌ನಿಂದ ಹೊರಗೆ ಬಂದು ಮುಂದಿನ ಕೆಲಸ ನೋಡು' ಎಂಬುದು. ಅಂದರೆ 11ನೇ ಸಾಲಿಗೆ ಹೋಗಬೇಕಿತ್ತು. ಸಿ ಭಾಷೆಯಲ್ಲಿ ಬ್ರೇಕ್‌ಗೆ ಇಫ್ ಲೆಕ್ಕಕ್ಕೇ ಇಲ್ಲ. ತನ್ನನ್ನು ಸುತ್ತುವರಿದಿರುವ ಅತಿ ಸಮೀಪದ ಲೂಪ್ ಅಥವಾ ಸ್ವಿಚ್ ಯಾವುದೋ ಅದರಿಂದ ಹೊರಗೆ ಹಾರುವುದಷ್ಟೇ ಅದಕ್ಕೆ ಗೊತ್ತು. ಇಲ್ಲಿ ಅತಿ ಸಮೀಪದ್ದು 3ನೇ ಸಾಲಿನ ಸ್ವಿಚ್. ಹಾಗಾಗಿ 9ರಿಂದ ಹೊರಟ ನಿಯಂತ್ರಣ 11, 12ನ್ನು ಹಾರಿ ನೇರವಾಗಿ 14ಕ್ಕೆ ಬಂದು ಬೀಳುತ್ತದೆ.

14ನೇ ಸಾಲಿಗೆ ಇದರ ಸುಳಿವೇ ಇಲ್ಲ. ಪಾಯಿಂಟರ್‌ಗಳು ಈ ಸಂದೇಶಕ್ಕೆ ಹೊಂದಿಸಿವೆ ಎಂದು ನಂಬಿ ಅವು ತೋರಿಸಿದ ಜಾಗದಲ್ಲಿ ಬರೆಯುತ್ತದೆ. ಅವು ತೋರಿಸುತ್ತಿರುವುದು ಬೇರೆಯವರ ಮನೆ. ಮೆಮೊರಿಯಲ್ಲಿದ್ದ ಮಾಹಿತಿಯ ಮೇಲೆ ಮಾಹಿತಿ ಬೀಳುತ್ತದೆ. ಎಕ್ಸ್‌ಚೇಂಜಿನ ಸ್ವಯಂ ತಪಾಸಣೆಯ ಪ್ರೋಗ್ರಾಮು ಇದನ್ನು ಹಿಡಿಯುತ್ತದೆ, ಹಿಡಿದ ಕೂಡಲೇ ಪ್ರೊಸೆಸರನ್ನು ನಿಲ್ಲಿಸಿ ಮರುಚಾಲನೆ ಮಾಡುತ್ತದೆ. ಹಾಳಾದ ಮಾಹಿತಿಯಿಟ್ಟುಕೊಂಡು ಕರೆ ತಿರುಗಿಸುವುದಕ್ಕಿಂತ ನಿಂತು ಮತ್ತೆ ಏಳುವುದೇ ಮೇಲು ಎಂಬುದು ಅದರ ನಿಯಮ. ಒಂದು ಎಕ್ಸ್‌ಚೇಂಜಿನ ಮಟ್ಟಿಗೆ ಒಳ್ಳೆಯ ನಿಯಮವೇ.

ಹತ್ತು ಮಿಲಿಸೆಕೆಂಡ್

ಡಿಸೆಂಬರ್ ನಡುವಿನಿಂದ ಜನವರಿ 15ರವರೆಗೆ ಸುಮಾರು ಒಂದು ತಿಂಗಳು ಈ ಸಾಲು ಹೇಗೆ ಸುಮ್ಮನಿತ್ತು?

9ನೇ ಸಾಲಿಗೆ ಹೋಗಲು ಎರಡು ಷರತ್ತು ಒಟ್ಟಿಗೆ ಕೂಡಿಬರಬೇಕು. ಕಳಿಸಿದವನು ಪಟ್ಟಿಯಲ್ಲಿ 'ಸೇವೆಯಲ್ಲಿಲ್ಲ' ಎಂದಿರಬೇಕು, ಬರೆಯುವ ಬಫರ್ ಖಾಲಿ ಇರಬಾರದು. ಮರಳಿ ಬಂದ ಎಕ್ಸ್‌ಚೇಂಜಿನ ಮೊದಲ ಕರೆ ಬಂದಾಗ ಬಫರ್ ಖಾಲಿ ಇರುತ್ತದೆ, 7ನೇ ಸಾಲು ಓಡುತ್ತದೆ, ತಿದ್ದುಪಡಿ ಬಫರಿಗೆ ಹೋಗಿ ಪಟ್ಟಿಗೆ ತಲುಪುತ್ತದೆ. ಆಮೇಲೆ ಅದೇ ಎಕ್ಸ್‌ಚೇಂಜಿನಿಂದ ಎಷ್ಟು ಕರೆ ಬಂದರೂ 5ನೇ ಸಾಲಿನ ಷರತ್ತೇ ಸುಳ್ಳಾಗುತ್ತದೆ. ಅಪಾಯವಿದ್ದದ್ದು ನಡುವಿನ ಕಿಂಡಿಯಲ್ಲಿ ಮಾತ್ರ: ತಿದ್ದುಪಡಿ ಬಫರಿನಲ್ಲಿದೆ, ಪಟ್ಟಿಗೆ ಇನ್ನೂ ತಲುಪಿಲ್ಲ, ಅಷ್ಟರಲ್ಲಿ ಎರಡನೆಯ ಕರೆ ಬಂದುಬಿಟ್ಟಿದೆ. ಆ ಕಿಂಡಿಯ ಅಗಲ ಸೆಕೆಂಡಿನ ನೂರನೇ ಒಂದು ಭಾಗ, 10 ಮಿಲಿಸೆಕೆಂಡ್.

ಕರೆಗಳು ಕಡಿಮೆಯಿದ್ದಾಗ ಎರಡು ಕರೆ ಅಷ್ಟು ಹತ್ತಿರ ಬರುವುದಿಲ್ಲ. ಆ ಸೋಮವಾರ ಮಧ್ಯಾಹ್ನ, ಕರೆಗಳ ಒತ್ತಡದಲ್ಲಿ, ನ್ಯೂಯಾರ್ಕಿನ ಒಂದು ಎಕ್ಸ್‌ಚೇಂಜ್ ಸಣ್ಣ ದೋಷ ಕಂಡು ಮರುಚಾಲನೆಗೆ ಹೋಯಿತು. ಮರಳಿದ ಕೂಡಲೇ ಕಟ್ಟಿಕೊಂಡಿದ್ದ ಕರೆಗಳನ್ನೆಲ್ಲ ನೆರೆಯವರಿಗೆ ಸುರಿಯಿತು. ನೆರೆಯವರು 9ನೇ ಸಾಲಿಗೆ ಬಿದ್ದರು, ಮರುಚಾಲನೆಗೆ ಹೋದರು, ಮರಳಿದರು, ತಾವೂ ಕರೆ ಸುರಿದರು. ಅವರ ನೆರೆಯವರಲ್ಲಿ ನ್ಯೂಯಾರ್ಕಿನ ಆ ಮೊದಲ ಎಕ್ಸ್‌ಚೇಂಜೂ ಇತ್ತು. 4ರಿಂದ 6 ಸೆಕೆಂಡಿನ ಈ ಅಲೆ ಜಾಲದ ತುಂಬ ಹಿಂದೆ ಮುಂದೆ ಓಡಾಡಿತು.

ಪ್ರತಿ ಎಕ್ಸ್‌ಚೇಂಜಿನಲ್ಲೂ ಬದಲಿ ಪ್ರೊಸೆಸರ್ ಇತ್ತು. ಉಪಯೋಗವಾಗಲಿಲ್ಲ. ಅದರಲ್ಲೂ ಇದೇ ಕೋಡು, ಅದಕ್ಕೂ ಇದೇ ಸಂದೇಶಗಳು. ಯಂತ್ರ ಕೆಟ್ಟರೆ ಬದಲಿ ಯಂತ್ರ ನೆರವಿಗೆ ಬರುತ್ತದೆ, ತರ್ಕ ಕೆಟ್ಟರೆ ಬರುವುದಿಲ್ಲ.

ಎಂಜಿನಿಯರುಗಳು ಮೊದಲು ತಮಗೆ ಗೊತ್ತಿದ್ದ ಮಾಮೂಲಿ ಮರುಚಾಲನೆಯ ದಾರಿಗಳನ್ನೆಲ್ಲ ನೋಡಿದರು, ಅಲೆ ನಿಲ್ಲಲಿಲ್ಲ. ಕೊನೆಗೆ ಸಿಗ್ನಲಿಂಗ್ ಜಾಲದ ಮೇಲಿನ ಸಂದೇಶಗಳ ಹೊರೆ ಇಳಿಸಿದರು. ಸಂದೇಶಗಳ ನಡುವಿನ ಅಂತರ ಹೆಚ್ಚಿದಂತೆ ಕಿಂಡಿಗೆ ಬೀಳುವವರು ಕಡಿಮೆಯಾದರು. ರಾತ್ರಿಯಾಗಿ ಜನರ ಕರೆಗಳೂ ಇಳಿದವು. 11 ಗಂಟೆ 30 ನಿಮಿಷದ ಹೊತ್ತಿಗೆ ಜಾಲ ನೆಲೆಗೆ ಬಂತು. ಅನಂತರ ಹಳೆಯ ಆವೃತ್ತಿಯನ್ನು ಮತ್ತೆ ಹಾಕಲಾಯಿತು. ಗ್ರಾಹಕರನ್ನು ಸಮಾಧಾನಪಡಿಸಲು ಕಂಪನಿ ಫೆಬ್ರುವರಿ 14ರ ಕರೆಗಳಿಗೆ ರಿಯಾಯಿತಿ ಕೊಟ್ಟಿತು.

ಕಂಪೈಲರ್ ಏಕೆ ಸುಮ್ಮನಿತ್ತು, ಇಂದಾದರೂ ಮಾತಾಡುತ್ತದೆಯೇ

ಕಂಪೈಲರ್ ಎಂದರೆ ಬರೆದ ಕೋಡನ್ನು ಯಂತ್ರಕ್ಕೆ ಅರ್ಥವಾಗುವಂತೆ ಅನುವಾದಿಸುವ ಪ್ರೋಗ್ರಾಮು. ಈ ಪ್ರಕರಣದ ಬಗ್ಗೆ ಮಾತಾಡುವಾಗ 'ಇವತ್ತಿನ ಕಂಪೈಲರ್ ಇದ್ದಿದ್ದರೆ ಹಿಡಿಯುತ್ತಿತ್ತು' ಎಂದು ಸುಲಭವಾಗಿ ಹೇಳಿಬಿಡುತ್ತಾರೆ. ಪರೀಕ್ಷಿಸಿ ನೋಡಬೇಕಾದ ಮಾತು.

ಜಿಸಿಸಿ ಎಂಬ ಸಿ ಕಂಪೈಲರಿಗೆ 7ನೇ ಆವೃತ್ತಿಯಲ್ಲಿ, 2017ರಲ್ಲಿ, ಬ್ರೇಕ್ ಇಲ್ಲದೆ ಕೆಳಗಿನ ಕೇಸಿಗೆ ಜಾರುವುದನ್ನು ಎಚ್ಚರಿಸುವ ಆಯ್ಕೆ ಬಂತು. ಲಿನಕ್ಸ್ ಕರ್ನಲ್ (ಲಿನಕ್ಸ್ ಕಾರ್ಯಾಚರಣಾ ವ್ಯವಸ್ಥೆಯ ತಿರುಳು) 2019ರಲ್ಲಿ, 5.3ನೇ ಆವೃತ್ತಿಯಿಂದ, ಅದನ್ನು ಇಡೀ ಕೋಡಿಗೆ ಅನ್ವಯಿಸಿತು. ಒಳ್ಳೆಯ ಸಾಧನ. ಆದರೆ ಮೇಲಿನ ಕೋಡಿನಲ್ಲಿ ಜಾರುವಿಕೆಯೇ ಇಲ್ಲವಲ್ಲ, ಹಾಗಾಗಿ ಅದು ತುಟಿ ಬಿಚ್ಚುವುದಿಲ್ಲ. ವಾಹನಗಳ ಸಾಫ್ಟ್‌ವೇರಿನಲ್ಲಿ ಬಳಸುವ ಮಿಸ್ರಾ ಸಿ ನಿಯಮಾವಳಿಯ 2012ರ ಆವೃತ್ತಿಯಲ್ಲಿ 16.3ನೇ ನಿಯಮ ಪ್ರತಿ ಕೇಸಿನ ಕೊನೆಗೆ ಷರತ್ತಿಲ್ಲದ ಬ್ರೇಕ್ ಇರಲೇಬೇಕು ಎನ್ನುತ್ತದೆ. 12ನೇ ಸಾಲಿನಲ್ಲಿ ಇದೆ. ಪಾಸ್.

ಹಿಡಿಯುವ ಸಾಧ್ಯತೆ ಇರುವುದು ಇನ್ನೊಂದು ಎಚ್ಚರಿಕೆಗೆ: ಬೆಲೆ ಕೊಡದ ವೇರಿಯಬಲ್ ಬಳಸಿರಬಹುದು ಎನ್ನುವುದು. ಪಾಯಿಂಟರ್ ಲೂಪಿನೊಳಗೇ ಘೋಷಿಸಿದ ಸ್ಥಳೀಯ ವೇರಿಯಬಲ್ ಆಗಿದ್ದು, ಆರಂಭದ ಬೆಲೆ ಕೊಡದೆ ಬಿಟ್ಟಿದ್ದು, ಆಪ್ಟಿಮೈಸೇಶನ್ (ಕೋಡನ್ನು ಚುರುಕುಗೊಳಿಸುವ ಆಯ್ಕೆ) ಹಾಕಿ ಕಂಪೈಲ್ ಮಾಡಿದರೆ, 9ರಿಂದ 14ಕ್ಕೆ ಹೋಗುವ ದಾರಿಯಲ್ಲಿ ಅದಕ್ಕೆ ಬೆಲೆ ಸಿಕ್ಕಿಲ್ಲ ಎಂದು ಕಂಪೈಲರ್ ಕಂಡುಕೊಳ್ಳಬಲ್ಲದು. ಅದೇ ಪಾಯಿಂಟರ್ ಗ್ಲೋಬಲ್ (ಇಡೀ ಪ್ರೋಗ್ರಾಮಿಗೆ ಕಾಣುವಂಥದ್ದು) ಆಗಿದ್ದರೆ ಈ ಎಚ್ಚರಿಕೆ ಬರುವುದಿಲ್ಲ. 'ಸುರಕ್ಷಿತವಾಗಿರಲಿ' ಎಂದು ಘೋಷಣೆಯಲ್ಲೇ ನಲ್ (ಎಲ್ಲಿಗೂ ತೋರಿಸದ ಬೆಲೆ) ಕೊಟ್ಟಿದ್ದರೂ ಬರುವುದಿಲ್ಲ. ಎಲ್ಲ ಪಾಯಿಂಟರಿಗೂ ಕಣ್ಣುಮುಚ್ಚಿ ನಲ್ ತುಂಬುವ ಅಭ್ಯಾಸವನ್ನು ಈ ಕಾರಣಕ್ಕೆ ನಾವು ಮೆಚ್ಚುವುದಿಲ್ಲ. ಅದು ಎಚ್ಚರಿಕೆಯ ಬಾಯಿ ಮುಚ್ಚಿಸುತ್ತದೆ, ದಾರಿಯನ್ನು ಸರಿಪಡಿಸುವುದಿಲ್ಲ.

ಒಂದು ಪದಕ್ಕೆ ಎರಡು ಅರ್ಥವಿರುವುದೂ ಇದರಲ್ಲಿ ಸೇರಿಕೊಂಡಿದೆ. ಸಿ ಭಾಷೆಯ ಪೂರ್ವಜ ಬಿಸಿಪಿಎಲ್‌ನಲ್ಲಿ ಲೂಪಿನಿಂದ ಹೊರಬರಲು ಬ್ರೇಕ್, ಸ್ವಿಚ್‌ನಿಂದ ಹೊರಬರಲು ಎಂಡ್‌ಕೇಸ್ ಎಂದು ಬೇರೆ ಬೇರೆ ಪದಗಳಿದ್ದವು. 9ನೇ ಸಾಲಿನಲ್ಲಿ 'ಎಂಡ್‌ಕೇಸ್' ಎಂದು ಟೈಪ್ ಮಾಡಬೇಕಾಗಿ ಬಂದಿದ್ದರೆ ಕೈ ತಡೆಯುತ್ತಿತ್ತು. ಸಿ ಎರಡನ್ನೂ ಒಂದಾಗಿಸಿತು, ಟೈಪಿಂಗ್ ಉಳಿಯಿತು.

ತಿದ್ದುವುದು

ಅತಿ ಚಿಕ್ಕ ತಿದ್ದುಪಡಿ ಎಂದರೆ 8 ಮತ್ತು 9ನೇ ಸಾಲು ಅಳಿಸುವುದು. ಎಲ್ಸ್ ಬೇಕೇ ಇರಲಿಲ್ಲ. ಬಫರಿನಲ್ಲಿ ಜಾಗವಿಲ್ಲದಿದ್ದರೆ ಏನೂ ಮಾಡಬೇಡ, ಮುಂದೆ ಹೋಗು: ಇಫ್ ತಾನಾಗಿಯೇ ಮಾಡುವ ಕೆಲಸ ಅದು. ತಿದ್ದುಪಡಿ ಈ ಸಲ ತಪ್ಪಿದರೂ ಮುಂದಿನ ಕರೆ ಬಂದಾಗ ಮತ್ತೆ ಪ್ರಯತ್ನವಾಗುತ್ತದೆ.

ತುರ್ತಿಗೆ ಅಷ್ಟು ಸಾಕು. ಆದರೆ ಆಕಾರ ಹಾಗೆಯೇ ಉಳಿದರೆ ಆರು ತಿಂಗಳ ನಂತರ ಇನ್ನೊಬ್ಬರು ಅಲ್ಲಿ ಇನ್ನೊಂದು ಷರತ್ತು ಸೇರಿಸಿ ಅದೇ ಬ್ರೇಕ್ ಬರೆಯುತ್ತಾರೆ. ನಾವು ಹೀಗೆ ಮುರಿದು ಕಟ್ಟುತ್ತೇವೆ:

ಸ್ವಿಚ್ (ಸಂದೇಶದ_ಬಗೆ) {
ಕೇಸ್ ಒಳಬರುವ_ಸಂದೇಶ:
    ನೆರೆಯ_ಸ್ಥಿತಿ_ತಿದ್ದು(ಸಂದೇಶ);
    ಕರೆ_ನಿಭಾಯಿಸು(ಸಂದೇಶ);
    ಬ್ರೇಕ್;
ಡಿಫಾಲ್ಟ್:
    ಗೊತ್ತಿಲ್ಲದ_ಸಂದೇಶ_ದಾಖಲಿಸು(ಸಂದೇಶ);
    ಬ್ರೇಕ್;
}

5ರಿಂದ 10ರವರೆಗಿನ ಸಾಲುಗಳು 'ನೆರೆಯ_ಸ್ಥಿತಿ_ತಿದ್ದು' ಎಂಬ ಫಂಕ್ಷನ್ನಿಗೆ ಹೋದವು. ಅಲ್ಲಿ ಯಾರಾದರೂ ಅಭ್ಯಾಸಬಲದಿಂದ ಎಲ್ಸ್ ಒಳಗೆ ಬ್ರೇಕ್ ಬರೆದರೆ ಏನಾಗುತ್ತದೆ? ಆ ಫಂಕ್ಷನ್ನಿನಲ್ಲಿ ಲೂಪೂ ಇಲ್ಲ, ಸ್ವಿಚ್ಚೂ ಇಲ್ಲ. ಬ್ರೇಕ್‌ಗೆ ಹೊರಬರಲು ಏನೂ ಇಲ್ಲವೆಂದು ಕಂಪೈಲರ್ ದೋಷ ಕೊಟ್ಟು ನಿಲ್ಲುತ್ತದೆ. ಇಡೀ ಜಾಲವನ್ನು ಬೀಳಿಸಿದ ಅದೇ ಪದ ಇಲ್ಲಿ ಕಂಪೈಲೇ ಆಗುವುದಿಲ್ಲ. ಬ್ರೇಕ್ ಬದಲು ರಿಟರ್ನ್ ಬರೆದರೋ, ಸ್ಥಿತಿ ತಿದ್ದುವ ಕೆಲಸದಿಂದ ಮಾತ್ರ ಹೊರಬರುತ್ತದೆ, ಕರೆ ನಿಭಾಯಿಸುವುದು ಮುಂದುವರಿಯುತ್ತದೆ. ಮೊದಲು ಬರೆದವರಿಗೆ ಬೇಕಿದ್ದದ್ದೂ ಅದೇ.

ಎರಡನೆಯ ಬದಲಾವಣೆ 14ನೇ ಸಾಲಿನದು. ಐಚ್ಛಿಕ ವಿವರಗಳ ಕೆಲಸ ಈಗ 'ಕರೆ_ನಿಭಾಯಿಸು' ಒಳಗೆ, ಪಾಯಿಂಟರ್ ಹೊಂದಿಸಿದ ಸಾಲಿನ ಪಕ್ಕದಲ್ಲೇ ಇದೆ. ಪಾಯಿಂಟರ್ ಅಲ್ಲೇ ಹುಟ್ಟಿ ಅಲ್ಲೇ ಸಾಯುತ್ತದೆ. ಸ್ವಿಚ್ ಮುಗಿದ ಮೇಲೆ, ಯಾವ ಕೇಸಿನಿಂದ ಹೇಗೆ ಹೊರಬಂದೆವು ಎಂಬುದನ್ನು ನಂಬಿ ನಡೆಯುವ ಸಾಲು ಇರಕೂಡದು. ಬೇರೆ ಬಗೆಯ ಸಂದೇಶಕ್ಕೂ ಈ ವಿವರಗಳ ಕೆಲಸ ಬೇಕಿದ್ದರೆ, ಅದನ್ನು ಪ್ರತ್ಯೇಕ ಫಂಕ್ಷನ್ ಮಾಡಿ ಬೇಕಾದ ಕೇಸುಗಳಿಂದಲೇ ಕರೆಯಬೇಕು. ಎರಡು ಸಾಲು ಹೆಚ್ಚಾಗುತ್ತದೆ, ಆಗಲಿ.

ನಿಮ್ಮ ಹಳೆಯ ಕೋಡಿನಲ್ಲಿ ಇಂಥದ್ದನ್ನು ಹುಡುಕಲು ದುಬಾರಿ ಸಾಧನವೇನೂ ಬೇಡ. ಮೊದಲು ಫಾರ್ಮ್ಯಾಟರ್ ಓಡಿಸಿ ಎಲ್ಲ ಕಡೆ ಇಂಡೆಂಟ್ ಒಂದೇ ಮಾಡಿ. ಆಮೇಲೆ, ಕೇಸಿಗಿಂತ ಒಂದೇ ಹಂತ ಒಳಗಿರುವ ಬ್ರೇಕ್‌ಗಳನ್ನು ಬಿಟ್ಟು, ಎರಡು ಅಥವಾ ಹೆಚ್ಚು ಹಂತ ಒಳಗಿರುವ ಬ್ರೇಕ್‌ಗಳ ಪಟ್ಟಿ ತೆಗೆಯಿರಿ. ಒಳಗಿನ ಲೂಪಿಗೆ ಸೇರಿದವು ಕೆಲವು ಇರುತ್ತವೆ, ಅವನ್ನು ಕಣ್ಣಿನಿಂದಲೇ ತೆಗೆದುಹಾಕಬಹುದು. ಉಳಿದ ಪ್ರತಿಯೊಂದಕ್ಕೂ ಕೇಳಬೇಕಾದ ಪ್ರಶ್ನೆ ಒಂದೇ: ಇಲ್ಲಿಂದ ಹಾರಿದರೆ ಸ್ವಿಚ್ ಆದಮೇಲಿನ ಸಾಲಿಗೆ ಬೇಕಾದದ್ದೆಲ್ಲ ಸಿದ್ಧವಿದೆಯೇ?

ಪರೀಕ್ಷೆ

ಈ ತಪ್ಪು ಸಮಯದ್ದು ಎಂದು ಅನಿಸುತ್ತದೆ. ಹತ್ತು ಮಿಲಿಸೆಕೆಂಡಿನೊಳಗೆ ಎರಡು ಸಂದೇಶ ಬರಿಸಬೇಕು, ಅದಕ್ಕೆ ಭಾರಿ ಹೊರೆ ಹಾಕುವ ವ್ಯವಸ್ಥೆ ಬೇಕು, ಲ್ಯಾಬಿನಲ್ಲಿ ಅದು ಕಷ್ಟ. ಆದರೆ ಕೋಡನ್ನು ಮತ್ತೆ ಓದಿ: ಅದರಲ್ಲಿ ಸಮಯ ಎಲ್ಲೂ ಇಲ್ಲ. ಇರುವುದು ಬಫರ್ ಖಾಲಿಯೋ ಅಲ್ಲವೋ ಎಂಬ ಪ್ರಶ್ನೆ ಮಾತ್ರ. ಹೊರಗೆ ಸಮಯವಾಗಿ ಕಾಣುವುದು ಒಳಗೆ ಸ್ಥಿತಿ, ಸ್ಥಿತಿಯನ್ನು ಕೈಯಿಂದಲೇ ಇಡಬಹುದು.

ಈ ಕೇಸಿನೊಳಗೆ ದಾರಿಗಳು ಮೂರೇ. ಕಳಿಸಿದವನು ಸೇವೆಯಲ್ಲಿದ್ದಾನೆ. ಸೇವೆಯಲ್ಲಿಲ್ಲ, ಬಫರ್ ಖಾಲಿ. ಸೇವೆಯಲ್ಲಿಲ್ಲ, ಬಫರಿನಲ್ಲಿ ಒಂದು ತಿದ್ದುಪಡಿ ಕಾದಿದೆ. ಮೂರನೆಯದಕ್ಕೆ ಪರೀಕ್ಷೆ ಬರೆಯುವಾಗ ಗಡಿಯಾರ ಮುಟ್ಟಬೇಡಿ. ಪಟ್ಟಿಯಲ್ಲಿ ಒಂದು ನೆರೆಯನ್ನು 'ಸೇವೆಯಲ್ಲಿಲ್ಲ' ಎಂದು ಗುರುತಿಸಿ, ಬಫರಿನಲ್ಲಿ ಒಂದು ನಮೂದು ಹಾಕಿ, ಅದೇ ನೆರೆಯ ಹೆಸರಿನಲ್ಲಿ ಒಂದು ಕರೆ ಸಂದೇಶ ಕೊಡಿ. ನೋಡಬೇಕಾದ್ದು ಎರಡು: ಕರೆ ನಿಭಾಯಿಸಿದ ಲೆಕ್ಕ ಒಂದು ಏರಿತೇ, ಐಚ್ಛಿಕ ವಿವರಗಳ ಪಾಯಿಂಟರ್ ಈ ಸಂದೇಶದ ಒಳಗೇ ತೋರಿಸುತ್ತಿದೆಯೇ. ಹಳೆಯ ಕೋಡು ಎರಡರಲ್ಲೂ ಸೋಲುತ್ತದೆ, ಮೊದಲ ಸಲಕ್ಕೇ, ಒಂದೇ ಸಂದೇಶಕ್ಕೆ, ಯಾವ ಹೊರೆಯೂ ಇಲ್ಲದೆ. ಮೊದಲೆರಡು ದಾರಿಗಳನ್ನು ಮಾತ್ರ ಪರೀಕ್ಷಿಸಿದರೆ 9ನೇ ಸಾಲು ಒಮ್ಮೆಯೂ ಓಡಿರುವುದಿಲ್ಲ. ಸಾಲುಗಳ ಕವರೇಜ್ ವರದಿ (ಯಾವ ಸಾಲು ಎಷ್ಟು ಸಲ ಓಡಿತು ಎಂಬ ಲೆಕ್ಕ) ತೆಗೆದರೆ ಅದೊಂದು ಸಾಲಿನ ಮುಂದೆ ಸೊನ್ನೆ ಕೂತಿರುತ್ತದೆ.

ಬೇರೆ ಭಾಷೆಗೆ ಒಯ್ಯುವಾಗ

ಇಂಥ ಹಳೆಯ ಸಿ ಕೋಡನ್ನು ಸಾಲಿಗೆ ಸಾಲು ಹೊಸ ಭಾಷೆಗೆ ಇಳಿಸುವವರಿಗೆ ಇನ್ನೊಂದು ಗುಂಡಿ ಇದೆ. ಗೋ ಭಾಷೆಯಲ್ಲಿ ಕೇಸುಗಳು ತಾವಾಗಿ ಕೆಳಗೆ ಜಾರುವುದಿಲ್ಲ, ಆದರೆ ಸ್ವಿಚ್ ಒಳಗಿನ ಬ್ರೇಕ್ ಸಿಯಲ್ಲಿದ್ದಂತೆ ಸ್ವಿಚ್‌ನಿಂದಲೇ ಹೊರಬರುತ್ತದೆ. ಹೊರಗಿನ ಲೂಪ್ ಬಿಡಬೇಕಿದ್ದರೆ ಲೇಬಲ್ ಹಾಕಬೇಕು, ಜಾವಾದಲ್ಲೂ ಹಾಗೆಯೇ. ರಸ್ಟ್‌ನ ಮ್ಯಾಚ್, 2021ರಲ್ಲಿ 3.10ನೇ ಆವೃತ್ತಿಯೊಂದಿಗೆ ಪೈಥಾನಿಗೆ ಬಂದ ಮ್ಯಾಚ್, ಇವೆರಡಕ್ಕೂ ಬ್ರೇಕ್‌ನ ಸಂಬಂಧವೇ ಇಲ್ಲ. ಅಲ್ಲಿ ಬರೆದ ಬ್ರೇಕ್ ಮ್ಯಾಚನ್ನು ದಾಟಿ ಹೊರಗಿನ ಲೂಪನ್ನೇ ಮುಗಿಸುತ್ತದೆ. 9ನೇ ಸಾಲನ್ನು ಹಾಗೆಯೇ ಪೈಥಾನಿಗೆ ಇಳಿಸಿದರೆ ಮೆಮೊರಿ ಕೆಡುವುದಿಲ್ಲ, ಮರುಚಾಲನೆಯೂ ಆಗುವುದಿಲ್ಲ. ವೈಲ್ ಲೂಪ್ ಅಲ್ಲಿಗೇ ಮುಗಿದು ಸರದಿಯಲ್ಲಿ ಉಳಿದ ಸಂದೇಶಗಳು ಓದದೆ ಬಿದ್ದಿರುತ್ತವೆ, ದೋಷದ ಒಂದು ಸಾಲೂ ಪರದೆಯ ಮೇಲೆ ಬರುವುದಿಲ್ಲ. ಪಿಎಚ್‌ಪಿಯಲ್ಲಿ ಕಂಟಿನ್ಯೂ ಕೂಡ ಸ್ವಿಚ್ ಒಳಗೆ ಬ್ರೇಕ್‌ನಂತೆಯೇ ವರ್ತಿಸುತ್ತದೆ. ಸಿ ಅಭ್ಯಾಸವಿದ್ದವರು ಅದು ಲೂಪಿನ ಮುಂದಿನ ಸುತ್ತಿಗೆ ಹೋಗುತ್ತದೆ ಎಂದುಕೊಂಡು ಎಡವುತ್ತಿದ್ದರು, 7.3ನೇ ಆವೃತ್ತಿಯಿಂದ ಅದಕ್ಕೆ ಎಚ್ಚರಿಕೆ ಬರುತ್ತದೆ.